ಡಿಸ್ಚಾರ್ಜ್ ಸಮ್ಮರಿಯಲ್ಲಿರುವ ಈ ಅಪ್‌ಗಾರ್ ಯಾರು? ಮಗುವಿನ ಮೊದಲ ನಿಮಿಷಕ್ಕೆ ಅಂಕ ಕೊಟ್ಟ ವೈದ್ಯೆಯ ಕಥೆ

ರಾಜಾಜಿನಗರವಿರಲಿ, ವಿಜಯನಗರವಿರಲಿ, ಕೆಂಗೇರಿಯಿರಲಿ, ಹೆರಿಗೆಯಾದ ಮೇಲೆ ಆಸ್ಪತ್ರೆಯವರು ಕೊಡುವ ಡಿಸ್ಚಾರ್ಜ್ ಸಮ್ಮರಿಯನ್ನು ಒಮ್ಮೆ ತೆಗೆದು ನೋಡಿ. ಮಗುವಿನ ತೂಕ, ಹುಟ್ಟಿದ ಸಮಯದ ಹತ್ತಿರ ಸಾಮಾನ್ಯವಾಗಿ ಅಪ್‌ಗಾರ್ 8/10, 9/10 ಎಂಬಂಥ ಒಂದು ಸಾಲು ಇರುತ್ತದೆ. ನಮ್ಮ ಮಗುವಿಗೆ ಒಂದು ಅಂಕ ಯಾಕೆ ಕಡಿಮೆ ಬಂತು ಎಂದು ತಲೆಕೆಡಿಸಿಕೊಳ್ಳುವವರಿದ್ದಾರೆ. ಹೆಚ್ಚು ಅಂಕ ಬಂದರೆ ಮಗು ಮುಂದೆ ಬುದ್ಧಿವಂತ ಆಗುತ್ತದೆ ಎಂದು ನಂಬುವವರೂ ಇದ್ದಾರೆ.

ಎರಡೂ ತಪ್ಪು. ಈ ಅಂಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿಯಲು ಅದನ್ನು ಮಾಡಿದವರ ಕಥೆ ಗೊತ್ತಿದ್ದರೆ ಸಾಕು. ಅಪ್‌ಗಾರ್ ಎನ್ನುವುದು ಒಬ್ಬ ಡಾಕ್ಟರ್ ಹೆಸರು.

ಸರ್ಜನ್ ಆಗಬೇಕಿದ್ದ ಹುಡುಗಿ

ವರ್ಜೀನಿಯಾ ಅಪ್‌ಗಾರ್ ಹುಟ್ಟಿದ್ದು 1909ರ ಜೂನ್ 7ರಂದು, ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೆಸ್ಟ್‌ಫೀಲ್ಡ್‌ನಲ್ಲಿ. ಅವರ ಒಬ್ಬ ಅಣ್ಣ ಕ್ಷಯರೋಗದಿಂದ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಇನ್ನೊಬ್ಬ ಸದಾ ಕಾಯಿಲೆಯವನು.

1929ರಲ್ಲಿ ಅವರು ನ್ಯೂಯಾರ್ಕ್‌ನ ಕೊಲಂಬಿಯಾ ವೈದ್ಯಕೀಯ ಕಾಲೇಜಿಗೆ ಸೇರಿದರು. ಅದೇ ವರ್ಷ ಅಮೆರಿಕದ ಷೇರು ಮಾರುಕಟ್ಟೆ ಕುಸಿಯಿತು. ಸಾಲ ಮಾಡಿ ಓದಿ, 1933ರಲ್ಲಿ ತರಗತಿಗೆ ನಾಲ್ಕನೆಯವರಾಗಿ ಪಾಸಾದರು. ಸರ್ಜನ್ ಆಗುವ ಆಸೆಯಿಂದ ಶಸ್ತ್ರಚಿಕಿತ್ಸೆಯ ತರಬೇತಿಗೂ ಸೇರಿದರು. ಆದರೆ ಅಲ್ಲಿನ ಮುಖ್ಯಸ್ಥ ಅಲೆನ್ ವಿಪಲ್, ಹೆಂಗಸರು ಸರ್ಜನ್ ಆಗಿ ಜೀವನ ನಡೆಸುವುದು ಕಷ್ಟ, ಅರಿವಳಿಕೆ ಕಲಿಯಿರಿ ಎಂದು ಸಲಹೆ ಕೊಟ್ಟರು. ಆಗ ಅರಿವಳಿಕೆ ಕೊಡುವುದು ಹೆಚ್ಚಾಗಿ ನರ್ಸ್‌ಗಳ ಕೆಲಸವಾಗಿತ್ತು.

ಅಪ್‌ಗಾರ್ ಅದನ್ನೇ ಕಲಿತು, 1938ರಲ್ಲಿ ತಮ್ಮ ಆಸ್ಪತ್ರೆಯ ಅರಿವಳಿಕೆ ವಿಭಾಗದ ಹೊಣೆ ಹೊತ್ತರು. 1949ರಲ್ಲಿ ಆ ಕಾಲೇಜಿನ ಮೊದಲ ಮಹಿಳಾ ಪ್ರೊಫೆಸರ್ ಆದರು. ಆದರೆ ವಿಭಾಗದ ಮುಖ್ಯಸ್ಥನ ಕುರ್ಚಿ ಒಬ್ಬ ಗಂಡಸಿಗೆ ಹೋಯಿತು. ಅವರು ಹೆರಿಗೆ ಕೋಣೆಯ ಅರಿವಳಿಕೆಯತ್ತ ತಿರುಗಿದರು.

ತಾಯಿಯನ್ನು ಎಲ್ಲರೂ ನೋಡುತ್ತಿದ್ದರು, ಮಗುವನ್ನು?

ಆ ಕಾಲದ ಅಮೆರಿಕದಲ್ಲಿ ಶಿಶು ಮರಣ ಕಡಿಮೆಯಾಗುತ್ತಿತ್ತು. ಆದರೆ ಹುಟ್ಟಿದ ಮೊದಲ 24 ಗಂಟೆಯೊಳಗಿನ ಸಾವು ಇಳಿಯುತ್ತಿರಲಿಲ್ಲ. ಹೆರಿಗೆಯಾದ ಕೂಡಲೇ ವೈದ್ಯರ ಗಮನವೆಲ್ಲ ತಾಯಿಯ ಕಡೆಗೆ. ಉಸಿರಾಡದೆ ನೀಲಿಗಟ್ಟಿದ ಮಗು ಬದುಕುವುದಿಲ್ಲವೆಂದು ಕೈಬಿಡುವುದೂ ಇತ್ತು. ಯಾವ ಮಗುವಿಗೆ ಸಹಾಯ ಬೇಕು ಎಂದು ತೀರ್ಮಾನಿಸಲು ಎಲ್ಲರೂ ಒಪ್ಪುವ ಒಂದು ಅಳತೆಯೇ ಇರಲಿಲ್ಲ.

ಅರಿವಳಿಕೆ ತಜ್ಞರಿಗೆ ರೋಗಿಯ ಉಸಿರು, ನಾಡಿ, ಬಣ್ಣ ಗಮನಿಸುವುದು ದಿನದ ಕೆಲಸ. ನವಜಾತ ಶಿಶುವನ್ನು ಹೇಗೆ ಅಳೆಯಬೇಕೆಂದು ಒಬ್ಬ ವಿದ್ಯಾರ್ಥಿ ಬೆಳಗಿನ ತಿಂಡಿಯ ಹೊತ್ತಿನಲ್ಲಿ ಕೇಳಿದಾಗ, ಅಪ್‌ಗಾರ್ ಕೈಗೆ ಸಿಕ್ಕ ಕಾಗದದ ಮೇಲೆ ಐದು ಅಂಶ ಬರೆದುಕೊಟ್ಟರು ಎಂಬ ಕಥೆ ಇದೆ. 1952ರಲ್ಲಿ ಅದನ್ನು ವೈದ್ಯರ ಸಭೆಯಲ್ಲಿ ಮಂಡಿಸಿದರು, 1953ರಲ್ಲಿ ಪ್ರಕಟಿಸಿದರು.

ಆ ಐದು ಅಂಶಗಳು ಇವು:

1. ಎದೆಬಡಿತ ಎಷ್ಟು ವೇಗವಾಗಿದೆ
2. ಉಸಿರಾಟ, ಅಳು ಹೇಗಿದೆ
3. ಕೈಕಾಲು ಬಿಗಿಯಾಗಿ ಆಡುತ್ತಿವೆಯೇ, ಜೋತುಬಿದ್ದಿವೆಯೇ
4. ಮುಟ್ಟಿ ಕೆಣಕಿದರೆ ಮುಖ ಕಿವುಚುತ್ತದೆಯೇ
5. ಮೈಬಣ್ಣ ಹೇಗಿದೆ

ಒಂದೊಂದಕ್ಕೆ 0, 1 ಅಥವಾ 2 ಅಂಕ. ಒಟ್ಟು ಹತ್ತು. ಹುಟ್ಟಿ ಒಂದು ನಿಮಿಷಕ್ಕೆ ಒಮ್ಮೆ, ನಂತರದ ವರ್ಷಗಳಲ್ಲಿ ಐದನೇ ನಿಮಿಷಕ್ಕೆ ಮತ್ತೊಮ್ಮೆ ಕೊಡುವುದು ರೂಢಿಯಾಯಿತು. ಯಂತ್ರ ಬೇಡ, ಖರ್ಚಿಲ್ಲ. ಮುಖ್ಯವಾದದ್ದು ಇನ್ನೊಂದು. ಅಂಕ ಬರೆಯಬೇಕಾದರೆ ಯಾರಾದರೂ ಮಗುವನ್ನು ನೋಡಲೇಬೇಕು!

ಅಂಕ ಕಡಿಮೆ ಬಂದ ಶಿಶುಗಳ ರಕ್ತದಲ್ಲಿ ಆಮ್ಲಜನಕ ಕಡಿಮೆ, ಆಮ್ಲೀಯತೆ ಹೆಚ್ಚು ಎಂದು ಅಪ್‌ಗಾರ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ತಾಯಿಗೆ ಕೊಡುತ್ತಿದ್ದ ಸೈಕ್ಲೋಪ್ರೊಪೇನ್ ಎಂಬ ಅರಿವಳಿಕೆ ಅನಿಲ ಮಗುವನ್ನೂ ಮಂಕು ಮಾಡುತ್ತದೆ ಎಂಬುದೂ ಬಯಲಾಯಿತು. ಅದು ಅಪ್‌ಗಾರ್ ಅವರಿಗೆ ಇಷ್ಟವಾದ ಅನಿಲವಾಗಿತ್ತು. ಆದರೂ ಹೆರಿಗೆಯಲ್ಲಿ ಅದನ್ನು ಬಿಟ್ಟರು.

ಜೇಬಿನಲ್ಲಿ ಚಾಕು, ಕೈಯಲ್ಲಿ ಪಿಟೀಲು

ರಸ್ತೆಯಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಬೇಕಾಗಬಹುದೆಂದು ಅವರು ಚಿಕ್ಕ ಚಾಕು, ಉಸಿರಾಟದ ಕೊಳವೆ ಸದಾ ಜೊತೆಗಿಟ್ಟುಕೊಳ್ಳುತ್ತಿದ್ದರು. ಪಿಟೀಲಿನ ಜಾತಿಯ ವಾದ್ಯಗಳನ್ನು ನುಡಿಸುವುದಷ್ಟೇ ಅಲ್ಲ, ಕೈಯಾರೆ ತಯಾರಿಸುತ್ತಲೂ ಇದ್ದರು. ಆಸ್ಪತ್ರೆಯ ಟೆಲಿಫೋನ್ ಬೂತಿನ ಹಲಗೆಯ ಮರ ವಾದ್ಯಕ್ಕೆ ಚೆನ್ನಾಗಿದೆ ಎಂದು, ಗೆಳತಿಯೊಡನೆ ರಾತ್ರಿ ಹೋಗಿ ಅದನ್ನು ಬಿಚ್ಚಿಕೊಂಡು ಬಂದಿದ್ದರು, ಜಾಗಕ್ಕೆ ಬೇರೆ ಹಲಗೆ ಹಾಕಿ!

ಐವತ್ತರ ವಯಸ್ಸಿನಲ್ಲಿ, 1959ರಲ್ಲಿ, ಸಾರ್ವಜನಿಕ ಆರೋಗ್ಯದಲ್ಲಿ ಪದವಿ ಪಡೆದು, ಮಾರ್ಚ್ ಆಫ್ ಡೈಮ್ಸ್ ಸಂಸ್ಥೆಯಲ್ಲಿ ಹುಟ್ಟು ದೋಷಗಳ ತಡೆಗೆ ದುಡಿದರು. ರುಬೆಲ್ಲಾ ಲಸಿಕೆಯ ಪರ ಪ್ರಚಾರ ಮಾಡಿದರು. 1974ರ ಆಗಸ್ಟ್ 7ರಂದು ತೀರಿಕೊಂಡರು. 1994ರಲ್ಲಿ ಅಮೆರಿಕ ಅವರ ಚಿತ್ರದ ಅಂಚೆಚೀಟಿ ತಂದಿತು.

ಫಾರ್ವರ್ಡ್ ಮಾಡುವ ಮುನ್ನ ತಿಳಿಯಿರಿ

ಅಪ್‌ಗಾರ್ ಎನ್ನುವುದು ಐದು ಇಂಗ್ಲಿಷ್ ಪದಗಳ ಸಂಕ್ಷೇಪವೇ? ಅಲ್ಲ. ನೆನಪಿಟ್ಟುಕೊಳ್ಳಲು ಸುಲಭವಾಗಲೆಂದು 1960ರ ದಶಕದಲ್ಲಿ ಆ ಹೆಸರಿನ ಅಕ್ಷರಗಳಿಗೆ ಪದಗಳನ್ನು ಹೊಂದಿಸಿದರು.

ಹತ್ತಕ್ಕೆ ಹತ್ತು ಬರಬೇಕೇ? ಬೇಕಿಲ್ಲ. ಹುಟ್ಟಿದ ಕೂಡಲೇ ಆರೋಗ್ಯವಂತ ಮಗುವಿನ ಅಂಗೈ ಅಂಗಾಲು ಕೂಡ ನೀಲಿಯಾಗಿರುವುದು ಸಾಮಾನ್ಯ. ಅದಕ್ಕೆ ಒಂದು ಅಂಕ ಹೋಗುತ್ತದೆ. 7ರಿಂದ 10 ಬಂದರೆ ನೆಮ್ಮದಿ.

ಕಡಿಮೆ ಅಂಕ ಬಂದರೆ ಮಗು ಮುಂದೆ ದಡ್ಡ ಆಗುತ್ತದೆಯೇ? ಈ ಅಂಕ ಮಾತ್ರ ನೋಡಿ ಒಂದು ಮಗುವಿನ ಬುದ್ಧಿಯನ್ನೋ ಭವಿಷ್ಯವನ್ನೋ ಹೇಳಲಾಗದು. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಬೆಳವಣಿಗೆ ಸಾಲದೆಯೂ ಅಂಕ ಕಡಿಮೆ ಬರಬಹುದು.

ಅಳದ ಮಗುವನ್ನು ತಲೆಕೆಳಗೆ ಹಿಡಿದು ಬಡಿಯಬೇಕೇ? ಬೇಡ, ಅಪಾಯ. ಮೈ ಒರೆಸಿ ಬೆಚ್ಚಗಿಡುವುದು, ಬೆನ್ನು ಮೆಲ್ಲಗೆ ಉಜ್ಜುವುದು, ಆಗಲೂ ಉಸಿರಾಡದಿದ್ದರೆ ಮಾಸ್ಕ್ ಮೂಲಕ ಗಾಳಿ ಕೊಡುವುದು ಇಂದಿನ ಕ್ರಮ. ಇದಕ್ಕೆ ಅಂಕ ಲೆಕ್ಕ ಹಾಕುವವರೆಗೆ ಯಾರೂ ಕಾಯುವುದಿಲ್ಲ. ಮೊದಲ ನಿಮಿಷದೊಳಗೇ ಉಸಿರು ಕೊಡಬೇಕು. ನಮ್ಮ ದೇಶದಲ್ಲಿ ಹೆರಿಗೆ ಸಿಬ್ಬಂದಿಗೆ ಇದನ್ನು ಕಲಿಸಲು 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಶುರುವಾಯಿತು.

ಮೊದಲು ಮಗುವನ್ನು ನೋಡು ಎಂಬ ಪಾಠ ಹೆರಿಗೆ ಕೋಣೆಗಷ್ಟೇ ಅಲ್ಲ. ತುರ್ತು ವಿಭಾಗಕ್ಕೆ ಬಂದ ಮಗುವನ್ನೂ ವೈದ್ಯರು ಮುಟ್ಟುವ ಮುಂಚೆ ಮೂರು ವಿಷಯ ಗಮನಿಸುತ್ತಾರೆ: ಚಟುವಟಿಕೆ, ಉಸಿರಾಟದ ಶ್ರಮ, ಚರ್ಮದ ಬಣ್ಣ. ಇದನ್ನು ಮನೆಯಲ್ಲಿ ನೀವೂ ನೋಡಬಹುದು. ಮಗು ಎಬ್ಬಿಸಿದರೂ ಏಳದೆ ಜೋತುಬಿದ್ದಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ತುಟಿ ನಾಲಿಗೆ ನೀಲಿಯಾಗಿದ್ದರೆ ವಾಟ್ಸ್ಆ್ಯಪ್‌ನಲ್ಲಿ ಮದ್ದು ಹುಡುಕಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.