ಹದಿನಾರು ಕಪ್ಪು ಚೌಕದ ಹಿಂದೊಬ್ಬ ಮೇಷ್ಟ್ರು

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕ್ ನೋಡಿ ಬಂದವರಿಗೆ ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕೋ ಕಷ್ಟ ಇರಲ್ಲ. ಒಂದು ಚಿಕ್ಕ ಪ್ಯಾನೆಲ್, ಒಂದು ಆರ್ಡುಯಿನೊ, ವೋಲ್ಟೇಜ್ ಎಷ್ಟಿದೆ ಅಂತ ತೋರಿಸೋಕೆ ಒಂದು 16×2 ಎಲ್‌ಸಿಡಿ. ವೈರಿಂಗ್ ಮುಗಿಸಿ ಪವರ್ ಕೊಟ್ಟಾಗ ನಮ್ಮಲ್ಲಿ ಬಹಳ ಜನರಿಗೆ ಕಾಣೋದು ಎರಡೇ: ಒಂದೋ ಖಾಲಿ ಪರದೆ, ಇಲ್ಲಾ ಮೇಲಿನ ಸಾಲಲ್ಲಿ ಹದಿನಾರು ಕಪ್ಪು ಚೌಕ.

ಖಾಲಿ ಇದ್ದರೆ ಮೊದಲು 3ನೇ ಪಿನ್‌ಗೆ ಹಾಕಿದ 10 ಕಿಲೋ ಓಮ್ ಪಾಟ್ ತಿರುಗಿಸಿ ನೋಡ್ತೀವಿ. ಚೌಕ ಬಂದರೆ ಗಾಜಿಗೆ ಏನೂ ಆಗಿಲ್ಲ, ಕಂಟ್ರೋಲರ್‌ಗೆ ಇನಿಷಿಯಲೈಸೇಶನ್ ಕಮಾಂಡ್ ಸರಿಯಾಗಿ ತಲುಪಿಲ್ಲ ಅಂತ ಅರ್ಥ. ಆರ್‌ಎಸ್, ಇ, ಡಿ4ರಿಂದ ಡಿ7ರವರೆಗಿನ ವೈರುಗಳನ್ನು ಕೋಡಿನ ಪಿನ್ ನಂಬರಿನ ಜೊತೆ ತಾಳೆ ನೋಡಬೇಕು, ಆರ್‌ಡಬ್ಲ್ಯೂ ಗ್ರೌಂಡ್‌ಗೆ ಹೋಗಿದೆಯಾ ನೋಡಬೇಕು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಪಾಟ್ ತಿರುಗಿಸಿದರೆ ಅಕ್ಷರ ಯಾಕೆ ಮೂಡುತ್ತೆ?

ಈ ಪ್ರಶ್ನೆಯ ಹಿಂದಿರುವ ವಿಜ್ಞಾನಕ್ಕೆ ಬದುಕನ್ನೇ ಕೊಟ್ಟವರೊಬ್ಬರು ನಮ್ಮ ಮೈಸೂರು, ಬೆಂಗಳೂರಲ್ಲೇ ಇದ್ದರು. ಅವರೇ ಶಿವರಾಮಕೃಷ್ಣ ಚಂದ್ರಶೇಖರ್.

ಹೆಸರು ಕೇಳಿದ ಕೂಡಲೇ ನೊಬೆಲ್ ಪಡೆದ ಚಂದ್ರಶೇಖರ್ ಅಂದ್ಕೋಬೇಡಿ. ಅವರು ನಕ್ಷತ್ರಗಳ ಬಗ್ಗೆ ಕೆಲಸ ಮಾಡಿದವರು, ಸರ್ ಸಿ.ವಿ. ರಾಮನ್ ಅವರ ಅಣ್ಣನ ಮಗ. ನಮ್ಮ ಈ ಚಂದ್ರಶೇಖರ್ ರಾಮನ್ ಅವರ ಸೋದರಿಯ ಮಗ. ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕೋಲ್ಕತ್ತದಲ್ಲಿ. ನಾಗಪುರ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಹರಳುಗಳೊಳಗೆ ಬೆಳಕು ಹೇಗೆ ಸಾಗುತ್ತೆ ಅನ್ನೋದನ್ನು ಸೋದರಮಾವನ ಕೈಕೆಳಗೇ ಕಲಿತರು. ಆಮೇಲೆ ಕೇಂಬ್ರಿಡ್ಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಇನ್ನೊಂದು ಡಾಕ್ಟರೇಟ್, ಬಳಿಕ ಲಂಡನ್ನಿನಲ್ಲಿ ಕೆಲಸ.

ಅಲ್ಲೇ ಉಳಿದಿದ್ದರೆ ಯಾರೂ ಏನೂ ಅಂತಿರಲಿಲ್ಲ. ಆದರೆ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಹೊಸ ಭೌತಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದುಬಿಟ್ಟರು. ವಯಸ್ಸು ಮೂವತ್ತೊಂದು. ಅಲ್ಲಿ ಅವರು ಹಿಡಿದ ವಿಷಯ ದ್ರವ ಹರಳು, ಅಂದರೆ ಲಿಕ್ವಿಡ್ ಕ್ರಿಸ್ಟಲ್. ದ್ರವದ ಹಾಗೆ ಹರಿಯುತ್ತೆ, ಆದರೆ ಹರಳಿನ ಹಾಗೆ ಅಣುಗಳಿಗೆ ಒಂದು ದಿಕ್ಕು ಇರುತ್ತೆ. 1888ರಲ್ಲೇ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್ ಇಂಥ ವಸ್ತುವನ್ನು ಕಂಡಿದ್ದರು. ಆದರೂ 1961ರಲ್ಲಿ ಅಂಗಡಿಗೆ ಹೋಗಿ ಕೇಳಿದ್ದರೆ ಒಂದೇ ಒಂದು ಎಲ್‌ಸಿಡಿ ಸಿಗ್ತಿರಲಿಲ್ಲ. ಇದರಿಂದ ಏನು ಉಪಯೋಗ ಅಂತ ಯಾರಾದರೂ ಕೇಳಿದ್ದರೆ ತೋರಿಸೋಕೆ ಕೈಯಲ್ಲಿ ಒಂದು ಸಾಧನವೂ ಇರಲಿಲ್ಲ.

ತಿರುಚಿಕೊಂಡ ದ್ರವ ಹರಳಿನಲ್ಲಿ ಬೆಳಕು ಹೇಗೆ ಸಾಗುತ್ತೆ ಅನ್ನೋ ಲೆಕ್ಕ ಮೈಸೂರಲ್ಲಿ ಅವರ ಗುಂಪು ಮಾಡಿದ ಕೆಲಸಗಳಲ್ಲಿ ಒಂದು. ನಮ್ಮ ಪಾಟ್‌ನ ಉತ್ತರಕ್ಕೂ ಇಂಥದ್ದೇ ಲೆಕ್ಕ ಬೇಕು. ಎಲ್‌ಸಿಡಿಯ ಎರಡು ಗಾಜಿನ ನಡುವೆ ಕೂದಲಿಗಿಂತ ತೆಳುವಾದ ಜಾಗದಲ್ಲಿ ಕಡ್ಡಿಯಂಥ ಅಣುಗಳು ಸುರುಳಿ ಮೆಟ್ಟಿಲಿನ ಹಾಗೆ ತಿರುಚಿಕೊಂಡಿರ್ತವೆ, ಬೆಳಕಿನ ಧ್ರುವೀಕರಣವನ್ನೂ ಜೊತೆಗೆ ತಿರುಗಿಸ್ತವೆ. ವೋಲ್ಟೇಜ್ ಕೊಟ್ಟರೆ ಅಣುಗಳು ಎದ್ದು ನಿಲ್ತವೆ, ತಿರುಚು ಬಿಚ್ಚುತ್ತೆ, ಪೋಲರೈಸರ್ ಬೆಳಕನ್ನು ತಡೆಯುತ್ತೆ, ಆ ಚುಕ್ಕಿ ಕಪ್ಪಾಗುತ್ತೆ. ಪಾಟ್ ಹೊಂದಿಸೋದು ಈ ವೋಲ್ಟೇಜನ್ನೇ. ಬಿಸಿ ಹೆಚ್ಚಾದರೆ ಅಣುಗಳ ಶಿಸ್ತೇ ಹೋಗಿ ಬರೀ ದ್ರವ ಉಳಿಯುತ್ತೆ. ಅದಕ್ಕೇ ತಿರುಮಣಿಯ ಬಿಸಿಲಲ್ಲಿ ಇಡೋ ಡಬ್ಬಕ್ಕೆ ಮಾಡ್ಯೂಲ್ ಆರಿಸುವಾಗ ಡೇಟಾಶೀಟ್ ನೋಡಬೇಕು: ಕೆಲವಕ್ಕೆ ಮಿತಿ 50 ಡಿಗ್ರಿ, ಕೆಲವಕ್ಕೆ 70. ಪರದೆ ಪೂರ್ತಿ ಕಪ್ಪಾದರೂ ತಣ್ಣಗಾದ ಮೇಲೆ ಸಾಮಾನ್ಯವಾಗಿ ಅಕ್ಷರ ವಾಪಸ್ ಬರುತ್ತೆ.

1971ರಲ್ಲಿ ಚಂದ್ರಶೇಖರ್ ರಾಮನ್ ಸಂಸ್ಥೆಗೆ ಮರಳಿ ದ್ರವ ಹರಳಿನ ಪ್ರಯೋಗಾಲಯ ಕಟ್ಟಿದರು. ಅದರ ದೊಡ್ಡ ಫಲ ಬಂದದ್ದು 1977ರಲ್ಲಿ. ದ್ರವ ಹರಳು ಅಂದರೆ ಕಡ್ಡಿಯಂಥ ಅಣುಗಳದ್ದೇ ಅಂತ ಅಲ್ಲಿವರೆಗೆ ತಿಳಿದಿದ್ದ ಕಾಲ. ಅವರು, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಸೇರಿ, ಬಿಲ್ಲೆಯಂಥ ಅಣುಗಳೂ ದ್ರವ ಹರಳಾಗ್ತವೆ ಅಂತ ತೋರಿಸಿದರು. ನಡುವೆ ಬೆಂಜೀನ್ ಉಂಗುರ, ಸುತ್ತ ಆರು ಉದ್ದ ಬಾಲ. ಇವು ಒಂದರ ಮೇಲೊಂದು ಪೇರಿಸಿದ ರೊಟ್ಟಿಗಳ ಹಾಗೆ ಕಂಬ ಕಟ್ಟಿಕೊಳ್ತವೆ. ಈ ಸುದ್ದಿಯನ್ನು ಅವರು ಪ್ರಕಟಿಸಿದ್ದು ಬೆಂಗಳೂರಿಂದಲೇ ಹೊರಡುವ ಪ್ರಮಾಣ ಪತ್ರಿಕೆಯಲ್ಲಿ. ವಿದೇಶಿ ಪತ್ರಿಕೆ ಅಲ್ಲ ಅಂತ ಜಗತ್ತೇನೂ ಓದದೆ ಬಿಡಲಿಲ್ಲ, ಡಿಸ್ಕಾಟಿಕ್ ಅನ್ನೋ ಹೊಸ ಶಾಖೆಯೇ ಬೆಳೆಯಿತು. ಅದೇ ವರ್ಷ ದ್ರವ ಹರಳುಗಳ ಬಗ್ಗೆ ಅವರ ಪುಸ್ತಕವನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮುದ್ರಣಾಲಯ ತಂದಿತು.

1983ರಲ್ಲಿ ರಾಯಲ್ ಸೊಸೈಟಿಯ ಫೆಲೊ, 1994ರಲ್ಲಿ ಅದೇ ಸೊಸೈಟಿಯ ರಾಯಲ್ ಪದಕ, 1998ರಲ್ಲಿ ಪದ್ಮಭೂಷಣ. ನಮಗೆ ಇವೆಲ್ಲಕ್ಕಿಂತ ಮುಖ್ಯ ಅನಿಸೋದು ನಿವೃತ್ತಿಯಾದ ಮೇಲೆ ಅವರು ಮಾಡಿದ್ದು. 1991ರಲ್ಲಿ, ಅರವತ್ತು ದಾಟಿದ ಮೇಲೆ, ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವ ಹರಳು ಸಂಶೋಧನಾ ಕೇಂದ್ರವನ್ನು ಹೊಸದಾಗಿ ಶುರು ಮಾಡಿದರು. ಪಕ್ಕದಲ್ಲೇ ಬಿಇಎಲ್, ಅಂದರೆ ಪ್ರಯೋಗಾಲಯದ ಮಗ್ಗುಲಲ್ಲೇ ಕಾರ್ಖಾನೆ.

ಬಿಲ್ಲೆ ಅಣುಗಳಿಗೂ ಒಂದು ದಿನ ಕೆಲಸ ಸಿಕ್ಕಿತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ಅಣುಗಳನ್ನೇ ಬಳಸಿ, ಎಲ್‌ಸಿಡಿಯನ್ನು ಓರೆಯಿಂದ ನೋಡಿದರೂ ಚಿತ್ರ ಸರಿಯಾಗಿ ಕಾಣುವಂಥ ಫಿಲ್ಮ್ ತಯಾರಿಸಿತು. ಬೆಂಗಳೂರಿನ ಪ್ರಯೋಗಾಲಯದಿಂದ ಮಾರುಕಟ್ಟೆಗೆ ಬರೋಕೆ ಹತ್ತಿರತ್ತಿರ ಇಪ್ಪತ್ತು ವರ್ಷ ಬೇಕಾಯಿತು, ಫಿಲ್ಮ್ ಆದದ್ದೂ ಬೇರೆ ದೇಶದಲ್ಲಿ. ಇದು ಖುಷಿಯೂ ಹೌದು, ಸ್ವಲ್ಪ ಹೊಟ್ಟೆಕಿಚ್ಚೂ ಹೌದು. ಪ್ರಾಜೆಕ್ಟ್ ವೈವಾದಲ್ಲಿ ಅಪ್ಲಿಕೇಶನ್ ಏನು ಅಂತ ಕೇಳಿದಾಗ ನಾವು ತಡವರಿಸ್ತೀವಲ್ಲ, ಆಗ ಈ ಇಪ್ಪತ್ತು ವರ್ಷದ ಲೆಕ್ಕ ನೆನಪಿಗೆ ಬಂದರೆ ಒಳ್ಳೇದು.

2004ರ ಮಾರ್ಚ್ 8ರಂದು ಚಂದ್ರಶೇಖರ್ ಬೆಂಗಳೂರಲ್ಲಿ ತೀರಿಕೊಂಡರು. ಅವರು ಕಟ್ಟಿದ ಕೇಂದ್ರ ಈಗ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ ಅನ್ನೋ ಹೆಸರಲ್ಲಿ ಬೆಂಗಳೂರಲ್ಲೇ ಕೆಲಸ ಮಾಡ್ತಿದೆ. ಎಂ.ಟೆಕ್, ಪಿಎಚ್‌ಡಿ ಯೋಚನೆ ಇರೋ ಗೆಳೆಯರು ವಿದೇಶದ ಅರ್ಜಿ ತುಂಬೋ ಮುಂಚೆ ಒಮ್ಮೆ ಆ ಕಡೆಯೂ ಕಣ್ಣು ಹಾಯಿಸಿ.