ವಿಕ್ಟೋರಿಯಾ ಟರ್ಮಿನಸ್‌ಗೆ ರೂಪ ಕೊಟ್ಟ ಸ್ಟೀವನ್ಸ್

ಬೆಂಗಳೂರಿನಿಂದ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ಮುಂಬೈಯಲ್ಲಿ ಪಯಣ ಮುಗಿಸುವುದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ. ಹಳಬರ ಬಾಯಲ್ಲಿ ಅದು ಇಂದಿಗೂ ವಿ.ಟಿ. ಗುಮ್ಮಟ, ಕಮಾನು, ಬಣ್ಣದ ಗಾಜುಗಳ ಆ ಕಟ್ಟಡದೆದುರು ಒಮ್ಮೆಯಾದರೂ ತಲೆಯೆತ್ತಿ ನಿಂತ ಕನ್ನಡಿಗರು ಬಹಳ ಮಂದಿ. ಅದಕ್ಕೆ ತನ್ನ ಹೆಸರು ಕೊಟ್ಟ ರಾಣಿ ಭಾರತಕ್ಕೆ ಒಮ್ಮೆಯೂ ಕಾಲಿಡಲಿಲ್ಲ. ರೂಪ ಕೊಟ್ಟ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ತಮ್ಮ ದುಡಿಮೆಯ ಬದುಕನ್ನೆಲ್ಲ ಇಲ್ಲಿಯೇ ಕಳೆದು ಇಲ್ಲಿಯೇ ಮಣ್ಣಾದರು.

ಸ್ಟೀವನ್ಸ್ ಜನಿಸಿದ್ದು 1847ರ ನವೆಂಬರ್ 11ರಂದು, ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ. ರೋಮನ್ನರ ಕಾಲದ ಸ್ನಾನಗೃಹಗಳಿಗೂ ಜೇನುಬಣ್ಣದ ಕಲ್ಲಿನ ಮನೆಗಳಿಗೂ ಹೆಸರಾದ ಊರದು. ಅಲ್ಲಿನ ವಾಸ್ತುಶಿಲ್ಪಿ ಚಾರ್ಲ್ಸ್ ಡೇವಿಸ್ ಅವರ ಕೈಕೆಳಗೆ ಕೆಲಸ ಕಲಿತ ಸ್ಟೀವನ್ಸ್, 1867ರಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಭಾರತದ ಲೋಕೋಪಯೋಗಿ ಇಲಾಖೆಗೆ ಆಯ್ಕೆಯಾದರು. ಆಗ ವಯಸ್ಸು ಇಪ್ಪತ್ತರ ಆಸುಪಾಸು. ಕೆಲಕಾಲ ಪುಣೆಯಲ್ಲಿದ್ದು ನಂತರ ಮುಂಬೈ ಸೇರಿದರು.

ಅಂದಿನ ಮುಂಬೈ ತನ್ನ ಕೋಟೆಗೋಡೆಗಳನ್ನು ತಾನೇ ಕೆಡವಿಕೊಳ್ಳುತ್ತಿದ್ದ ನಗರ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಗಗನಕ್ಕೇರಿ ಹಣದ ಹೊಳೆ ಹರಿದಿತ್ತು. 1865ರಲ್ಲಿ ಅದು ಬತ್ತಿ ಅನೇಕರು ದಿವಾಳಿಯಾದರು. ಆದರೂ ಗವರ್ನರ್ ಬಾರ್ಟಲ್ ಫ್ರೇರ್ ಕಂಡ ಹೊಸ ನಗರದ ಕನಸು ನಿಲ್ಲಲಿಲ್ಲ. ಕೋಟೆ ತೆರವಾದ ಜಾಗದಲ್ಲಿ ಸಾರ್ವಜನಿಕ ಕಟ್ಟಡಗಳನ್ನು ನಿರ್ಮಿಸುವ ಯೋಜನೆಯಲ್ಲಿ ಸ್ಟೀವನ್ಸ್ ಹಿರಿಯ ವಾಸ್ತುಶಿಲ್ಪಿ ಜೇಮ್ಸ್ ಟ್ರಬ್‌ಷಾ ಅವರಿಗೆ ನೆರವಾದರು.

ಸ್ಟೀವನ್ಸ್ ಅವರ ಪ್ರತಿಭೆ ಮೊದಲು ಬೆಳಕಿಗೆ ಬಂದದ್ದು ನಾವಿಕರ ವಸತಿಗೃಹದಲ್ಲಿ. ರಾಜಕುಮಾರ ಆಲ್ಫ್ರೆಡ್ 1870ರಲ್ಲಿ ನಗರಕ್ಕೆ ಭೇಟಿ ನೀಡಿದ ನೆನಪಿಗೆ ಕಟ್ಟಲಾದ ಈ ರಾಯಲ್ ಆಲ್ಫ್ರೆಡ್ ಸೇಲರ್ಸ್ ಹೋಮ್‌ಗೆ ಬರೋಡೆಯ ಖಂಡೇರಾವ್ ಗಾಯಕವಾಡ್ ದೊಡ್ಡ ಮೊತ್ತದ ದೇಣಿಗೆ ಕೊಟ್ಟಿದ್ದರು. 1876ರಲ್ಲಿ ಮುಗಿದ ಕಟ್ಟಡದ ಮುಂಭಾಗದಲ್ಲಿ ಸಮುದ್ರದೇವತೆ ನೆಪ್ಚೂನ್‌ನನ್ನು ಕೆತ್ತಿಸಲಾಯಿತು. ಮುಂದೆ ಇದೇ ಕಟ್ಟಡ ಶಾಸನಸಭೆಯಾಯಿತು, ಆನಂತರ ಮಹಾರಾಷ್ಟ್ರ ಪೊಲೀಸರ ಕೇಂದ್ರ ಕಚೇರಿಯೂ ಆಯಿತು.

ಅಷ್ಟರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪೆನಿಗೆ ತನ್ನ ಬೋರಿಬಂದರ್ ನಿಲ್ದಾಣ ಸಾಲದಾಗಿತ್ತು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು 34 ಕಿ.ಮೀ. ದೂರದ ಠಾಣೆಗೆ ಹೊರಟಿದ್ದು ಅಲ್ಲಿಂದಲೇ. 1870ರಲ್ಲಿ ಜಬಲ್‌ಪುರದ ಮೂಲಕ ಕಲ್ಕತ್ತೆಯ ಸಂಪರ್ಕ ಏರ್ಪಟ್ಟಿತು. ಮರುವರ್ಷ ಕಂಪೆನಿಯ ಹಳಿ ಪುಣೆ, ಸೊಲ್ಲಾಪುರ, ಕಲಬುರಗಿ ಹಾದು ರಾಯಚೂರಿಗೆ ಬಂದು ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ದೇಶದ ಎರಡು ದಿಕ್ಕುಗಳಿಂದ ಜನ, ಹತ್ತಿ, ಧಾನ್ಯ ಬಂದಿಳಿಯುವ ಕೊನೆಯ ನಿಲ್ದಾಣ ಸಾಧಾರಣ ಕಟ್ಟಡವಾಗಿರುವುದು ಕಂಪೆನಿಗೆ ಇಷ್ಟವಿರಲಿಲ್ಲ. ಸರ್ಕಾರದಿಂದ ಸ್ಟೀವನ್ಸ್ ಅವರ ಸೇವೆಯನ್ನು ಎರವಲು ಪಡೆದು ಹೊಸ ಟರ್ಮಿನಸ್‌ನ ವಿನ್ಯಾಸದ ಹೊಣೆಯನ್ನು ಒಪ್ಪಿಸಲಾಯಿತು. ಅವರಿಗಾಗ ಮೂವತ್ತು ವರ್ಷ.

ರಜೆ ಪಡೆದು ಯೂರೋಪಿಗೆ ತೆರಳಿದ ಸ್ಟೀವನ್ಸ್ ಅಲ್ಲಿನ ಪ್ರಮುಖ ನಿಲ್ದಾಣಗಳನ್ನು ಅಭ್ಯಸಿಸಿ ಮರಳಿದರು. ಗಿಲ್ಬರ್ಟ್ ಸ್ಕಾಟ್ ವಿನ್ಯಾಸಗೊಳಿಸಿದ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಕಟ್ಟಡದ ಛಾಯೆ ವಿ.ಟಿ.ಯಲ್ಲಿ ಇದೆಯೆಂದು ವಿಮರ್ಶಕರು ಗುರುತಿಸುತ್ತಾರೆ. ಆದರೆ ಲಂಡನ್ನಿನ ನಿಲ್ದಾಣಕ್ಕೆ ಇಂಥ ಗುಮ್ಮಟವಿಲ್ಲ, ಕಲ್ಲಿನಲ್ಲಿ ನವಿಲು ಮಂಗಗಳೂ ಇಲ್ಲ.

1878ರಲ್ಲಿ ಕಾಮಗಾರಿ ಆರಂಭವಾಯಿತು. ಈ ವರ್ಷವನ್ನು ಕನ್ನಡದ ಓದುಗರು ಗಮನಿಸಬೇಕು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಭೀಕರ ಕ್ಷಾಮ ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ ಮೈಸೂರು ಸಂಸ್ಥಾನವನ್ನೂ ಬರಿದು ಮಾಡಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. 1849ರ ಒಪ್ಪಂದದಂತೆ ರೈಲ್ವೆ ಕಂಪೆನಿಯ ಷೇರುದಾರರಿಗೆ ಶೇ 5ರ ಲಾಭದ ಖಾತರಿಯಿತ್ತು; ಗಳಿಕೆ ಕಡಿಮೆಯಾದರೆ ಕೊರತೆ ತುಂಬಬೇಕಾದದ್ದು ಭಾರತದ ಬೊಕ್ಕಸ. ಅಂಥ ಕಂಪೆನಿ 16 ಲಕ್ಷ ರೂಪಾಯಿಗೂ ಮಿಕ್ಕಿ ವೆಚ್ಚದ ನಿಲ್ದಾಣಕ್ಕೆ ಕೈಹಾಕಿತು. ಈ ಲೆಕ್ಕಾಚಾರದಲ್ಲಿ ವಾಸ್ತುಶಿಲ್ಪಿಯ ಪಾತ್ರವಿರಲಿಲ್ಲ, ನಿಜ. ಆದರೆ ಕಟ್ಟಡದ ವೈಭವವನ್ನು ಹೊಗಳುವ ಬರಹಗಳು ಇದನ್ನು ಮರೆಯುವುದೇ ಹೆಚ್ಚು.

ನಿರ್ಮಾಣಕ್ಕೆ ಹಿಡಿದದ್ದು ಹತ್ತು ವರ್ಷ. ಮುಂದೆ ತೋಟ, ಅದನ್ನು ಮೂರು ಬದಿಗಳಿಂದ ಸುತ್ತುವರಿದ ಕಟ್ಟಡ, ನಡುವೆ ಗುಮ್ಮಟ: ಇದು ಸ್ಟೀವನ್ಸ್ ಹಾಕಿದ ನಕ್ಷೆ. ಪಕ್ಕೆಲುಬಿನಂಥ ಕಲ್ಲಿನ ಪಟ್ಟಿಗಳನ್ನು ಒಂದಕ್ಕೊಂದು ಕಚ್ಚಿಸಿ, ಕೆಳಗಿನಿಂದ ಮರದ ಆಸರೆ ಕೊಡದೆ ಎಬ್ಬಿಸಿದ ಎಂಟು ಮೂಲೆಗಳ ಆ ಗುಮ್ಮಟ ಅಂದಿನ ಎಂಜಿನಿಯರಿಂಗ್‌ನ ಸಾಹಸವೆನಿಸಿತು. ಅದರ ತುದಿಯಲ್ಲಿ ಬಲಗೈಯಲ್ಲಿ ಪಂಜು, ಎಡಗೈಯಲ್ಲಿ ಚಕ್ರ ಹಿಡಿದು ನಿಂತ ಸ್ತ್ರೀಮೂರ್ತಿ ‘ಪ್ರಗತಿ’ಯ ಸಂಕೇತ. ದ್ವಾರದ ಕಂಬಗಳ ಮೇಲಿನ ಸಿಂಹ ಬ್ರಿಟನ್ನಿಗೆ, ಹುಲಿ ಭಾರತಕ್ಕೆ. ಇವುಗಳನ್ನು ಕಡೆದವರು ಶಿಲ್ಪಿ ಥಾಮಸ್ ಅರ್ಪ್.

ಉಳಿದ ಕೆತ್ತನೆಯ ಬಹುಭಾಗ ಸ್ಥಳೀಯರದು. ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು ತಮ್ಮ ಗುರುಗಳ ಮಾರ್ಗದರ್ಶನದಲ್ಲಿ ಎಲೆ, ಬಳ್ಳಿ, ಹಕ್ಕಿ, ಅಳಿಲು, ಮಂಗ, ನವಿಲುಗಳನ್ನು ಕಲ್ಲಿನಲ್ಲಿಯೂ ಕಬ್ಬಿಣದ ಜಾಲರಿಯಲ್ಲಿಯೂ ಮೂಡಿಸಿದರು. ಗೋಡೆಗೆ ಹಳದಿ ಛಾಯೆಯ ಮಾಲಾಡ್ ಕಲ್ಲು, ಕುಸುರಿಗೆ ಮೆದುವಾದ ಪೋರಬಂದರ್ ಕಲ್ಲು ಬಂತು. ಕಂಪೆನಿಯ ನಿರ್ದೇಶಕರ ಮುಖಗಳ ನಡುವೆ ಜಮ್ಶೆಟ್ಜಿ ಜೀಜೀಭಾಯಿ, ಜಗನ್ನಾಥ ಶಂಕರಶೇಟ್ ಅವರ ಮುಖಗಳೂ ಇವೆ. ಸಹಾಯಕ ಎಂಜಿನಿಯರ್ ಆಗಿ ಕೆಲಸ ಮಾಡಿಸಿದ ಸೀತಾರಾಮ ಖಂಡೇರಾವ್ ಅವರಂಥವರ ಹೆಸರು ಮಾತ್ರ ಇತಿಹಾಸದ ಪುಸ್ತಕಗಳ ಅಂಚಿಗೆ ಸರಿದಿದೆ. ಇಂಗ್ಲೆಂಡಿನ ನಕ್ಷೆಯೊಂದು ಭಾರತದ ಕಟ್ಟಡವಾಗಿ ಮಾರ್ಪಟ್ಟದ್ದು ಇವರೆಲ್ಲರ ಕೈಯಲ್ಲಿ. ಆ ಕೈಗಳಿಗೆ ಅವಕಾಶ ಮಾಡಿಕೊಟ್ಟದ್ದನ್ನು ಸ್ಟೀವನ್ಸ್ ಅವರ ದೊಡ್ಡ ಗುಣವೆಂದೇ ಹೇಳಬೇಕು.

1887ರಲ್ಲಿ, ರಾಣಿಯ ಸಿಂಹಾಸನಾರೋಹಣದ ಸುವರ್ಣ ವರ್ಷದಲ್ಲಿ, ನಿಲ್ದಾಣಕ್ಕೆ ವಿಕ್ಟೋರಿಯಾ ಟರ್ಮಿನಸ್ ಎಂದು ನಾಮಕರಣವಾಯಿತು. ಮರುವರ್ಷ ಕೆಲಸ ಪೂರ್ಣಗೊಂಡಿತು.

ಅದಕ್ಕೂ ಮುನ್ನ, 1884ರಲ್ಲಿಯೇ, ಸ್ಟೀವನ್ಸ್ ಸರ್ಕಾರಿ ಸೇವೆ ತೊರೆದು ಸ್ವಂತ ವೃತ್ತಿ ಆರಂಭಿಸಿದ್ದರು. ನಿಲ್ದಾಣದ ಎದುರಿಗೇ ಮುಂಬೈ ನಗರಪಾಲಿಕೆ ತನ್ನ ಕಟ್ಟಡವನ್ನು ಯೋಜಿಸಿದಾಗ ಮದ್ರಾಸಿನಲ್ಲಿ ಹೆಸರು ಮಾಡಿದ್ದ ರಾಬರ್ಟ್ ಚಿಶೋಮ್ ಇಂಡೋ-ಸಾರ್ಸೆನಿಕ್ ಶೈಲಿಯ ವಿನ್ಯಾಸ ಸಲ್ಲಿಸಿದರು. ಕೊನೆಗೆ ಒಪ್ಪಿಗೆ ಸಿಕ್ಕಿದ್ದು ಸ್ಟೀವನ್ಸ್ ಅವರ ಗಾಥಿಕ್ ವಿನ್ಯಾಸಕ್ಕೆ. ಆದರೂ 1893ರಲ್ಲಿ ಮುಗಿದ ಕಟ್ಟಡದಲ್ಲಿ ಈರುಳ್ಳಿಯಾಕಾರದ ಗುಮ್ಮಟಗಳು ಕಾಣಿಸಿಕೊಂಡವು. ಪ್ರತಿಸ್ಪರ್ಧಿಯ ಶೈಲಿಯಿಂದಲೂ ಅವರು ಕಲಿಯಬಲ್ಲವರಾಗಿದ್ದರು. ಬಳಿಕ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಗಾಗಿ ಚರ್ಚ್‌ಗೇಟ್ ಬಳಿ ಕಪ್ಪುನೀಲಿ ಕಲ್ಲಿನ ಮೇಲೆ ಬಿಳಿಯ ಪಟ್ಟಿಗಳ ಕೇಂದ್ರ ಕಚೇರಿ ಎದ್ದಿತು. ಹೀಗೆ ಇಂದಿನ ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆ ಎರಡರ ಪ್ರಸಿದ್ಧ ಕಟ್ಟಡಗಳೂ ಒಬ್ಬರದೇ ಕೈವಾಡ.

ಚರ್ಚ್‌ಗೇಟ್ ಕಚೇರಿ 1899ರಲ್ಲಿ ಮುಗಿಯಿತು. 1900ರ ಮಾರ್ಚ್‌ನಲ್ಲಿ ಸ್ಟೀವನ್ಸ್ ಮಲೇರಿಯಾಕ್ಕೆ ತುತ್ತಾದರು. ಆ ರೋಗ ಸೊಳ್ಳೆಯಿಂದ ಹರಡುತ್ತದೆಂಬ ಸುಳಿವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಪತ್ತೆಹಚ್ಚಿ ಮೂರು ವರ್ಷವೂ ತುಂಬಿರಲಿಲ್ಲ. ಐವತ್ತೆರಡರ ಸ್ಟೀವನ್ಸ್ ಅವರನ್ನು ಮುಂಬೈಯ ಶಿವಡಿ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ವೃತ್ತಿಯನ್ನು ಮಗ ಚಾರ್ಲ್ಸ್ ಮುಂದುವರಿಸಿದರು. 1933ರಲ್ಲಿ ತೆರೆದ ರೀಗಲ್ ಚಿತ್ರಮಂದಿರ ಅವರ ವಿನ್ಯಾಸ.

ಗಡಿಯಾರದ ಕೆಳಗಿನ ಗೂಡಿನಲ್ಲಿದ್ದ ರಾಣಿಯ ಪ್ರತಿಮೆ ಸ್ವಾತಂತ್ರ್ಯಾನಂತರ ತೆರವಾಯಿತು. 1996ರಲ್ಲಿ ನಿಲ್ದಾಣ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ಹೆಸರಿಗೆ ಮಹಾರಾಜ್ ಸೇರಿತು. ನಡುವೆ 2004ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯ ವಿವರಣೆಯಲ್ಲಿ ನಿಲ್ದಾಣದ ಹಳೆಯ ಹೆಸರು, ಹೊಸ ಹೆಸರುಗಳ ಜೊತೆ ಸ್ಟೀವನ್ಸ್ ಅವರ ಹೆಸರೂ ಇದೆ.