ಪಲ್ಟಣದ ದವಾಖಾನೆಯ ರಾಸ್ ಸಾಹೇಬ

ನಮ್ಮದು ಮಕ್ತಲ್ ಸೀಮೆ. ಕೃಷ್ಣೆಯ ಆ ದಂಡೆಗೆ ರಾಯಚೂರು ಜಿಲ್ಲೆ, ಈ ದಂಡೆಗೆ ನಾವು. ಮೊದಲು ಆಂಧ್ರ ಅಂತಿದ್ದರು, 2014ರಿಂದ ತೆಲಂಗಾಣ. ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು, ದೊಡ್ಡ ಜಡ್ಡು ಬಂದರೆ ಹೈದರಾಬಾದಿನ ದವಾಖಾನೆ. ಸಣ್ಣವನಿದ್ದಾಗ ನನಗೆ ಚಳಿಜ್ವರ ಬಂದಿತ್ತು. ದಿನ ಬಿಟ್ಟು ದಿನ, ಹೇಳಿ ಕಳಿಸಿದ ಹಾಗೆ ಅದೇ ಹೊತ್ತಿಗೆ ಬರುತ್ತಿತ್ತು. ಅವ್ವ ಎರಡು ಕೌದಿ ಹೊದಿಸಿ ಮೇಲೆ ತಾನೂ ಒರಗಿದರೂ ಹಲ್ಲು ಕಟಕಟ ಅನ್ನೋದು ನಿಲ್ಲುತ್ತಿರಲಿಲ್ಲ. ಕಹಿ ಗುಳಿಗೆ ನುಂಗಿ ಉಳಿದುಕೊಂಡೆ.

ಇದು ಸೊಳ್ಳೆಯಿಂದ ಬರೋ ಜ್ವರ ಅಂತ ಸಾಲಿ ಮಾಸ್ತರು ಹೇಳಿದ್ದರು. ಆ ಮಾತಿಗೆ ಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು ನಮ್ಮ ಹೈದರಾಬಾದಿನ ಪಕ್ಕದ ಬೇಗಂಪೇಟೆಯಲ್ಲಿ, ಸಿಪಾಯಿಗಳ ಒಂದು ಸಣ್ಣ ದವಾಖಾನೆಯಲ್ಲಿ ಎಂಬುದು ಗೊತ್ತಾದದ್ದು ತಲೆ ನೆರೆಯುವ ಹೊತ್ತಿಗೆ. ನೋಡೇ ಬಿಡೋಣ ಅಂತ ಒಂದು ಮಳೆಗಾಲದಲ್ಲಿ ಹೋದೆ. ಹಳೆ ವಿಮಾನ ನಿಲ್ದಾಣದ ಹತ್ತಿರ ಆಟೊದವನಿಗೆ ಜಾಗ ಗೊತ್ತಿರಲಿಲ್ಲ. ಇಬ್ಬರು ಮೂವರನ್ನು ಕೇಳಿ ಕಂಡುಹಿಡಿದೆವು. ಬಾಗಿಲಿಗೆ ಬೀಗ. ಗೋಡೆಯ ಗಿಲಾವು ಉದುರಿತ್ತು. ಅಂಗಳದ ತುಂಬ ಕಸ, ಮೊಣಕಾಲುದ್ದ ಹುಲ್ಲು. ಇಲ್ಲೇ ಏನು ಆ ಮನುಷ್ಯ ಕೂತಿದ್ದು ಅಂತ ನನಗೇ ನಂಬಿಕೆ ಬರಲಿಲ್ಲ.

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದು ಮೂರೇ ದಿನವಾಗಿತ್ತು. ತಂದೆ ಸೈನ್ಯದ ಅಧಿಕಾರಿ. ಎಂಟು ವರ್ಷದ ಹುಡುಗನನ್ನು ಓದಿಗೆಂದು ಇಂಗ್ಲೆಂಡಿಗೆ ಕಳಿಸಿದರು. ಹುಡುಗನಿಗೆ ಕವಿತೆಯ ಹುಚ್ಚು, ಚಿತ್ರದ ಹುಚ್ಚು. ಅಪ್ಪನಿಗೆ ಮಗ ಡಾಕ್ಟರಾಗಬೇಕೆಂಬ ಹಟ. ಅಪ್ಪನೇ ಗೆದ್ದರು. ಲಂಡನ್ನಿನಲ್ಲಿ ಹೇಗೋ ವೈದ್ಯಕೀಯ ಮುಗಿಸಿ, 1881ರಲ್ಲಿ ನೆಟ್ಲಿಯ ಮಿಲಿಟರಿ ಆಸ್ಪತ್ರೆಯಲ್ಲಿ ತರಬೇತಿ ಪಡೆದು, ರಾಸ್ ಮದ್ರಾಸಿಗೆ ಬಂದಿಳಿದರು. ಹೊತ್ತು ಹೋಗದಿದ್ದರೆ ಗಣಿತ, ಕಾದಂಬರಿ, ಕವಿತೆ. ಕೆಲಸದಲ್ಲಿ ಮೊದಮೊದಲು ಅಂಥ ಆಸಕ್ತಿ ಇರಲಿಲ್ಲ.

1883ರಲ್ಲಿ ಬೆಂಗಳೂರು ದಂಡಿನ ಡಾಕ್ಟರಾಗಿದ್ದಾಗ ಮನೆಯಲ್ಲಿ ಸೊಳ್ಳೆ ಕಾಟ ವಿಪರೀತ. ನೋಡಿದರೆ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ, ಅದರ ತುಂಬ ಮಿಲಮಿಲ ಹುಳ. ತೊಟ್ಟಿ ಬೋರಲು ಹಾಕಿಸಿದರು, ಕಾಟ ಇಳಿಯಿತು. ಮೆಸ್ಸಿನಲ್ಲೂ ಹೀಗೇ ಮಾಡಿಸಿ ಅಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲವಂತೆ. ಸೊಳ್ಳೆಗೂ ಜ್ವರಕ್ಕೂ ನಂಟಿದೆ ಎಂಬುದು ಆಗ ರಾಸ್ ಅವರಿಗೂ ಹೊಳೆದಿರಲಿಲ್ಲ.

ಚಳಿಜ್ವರದ ರೋಗಿಯ ರಕ್ತದಲ್ಲಿ ಕಪ್ಪು ಕಣಗಳಿರುವ ಪರೋಪಜೀವಿಯನ್ನು ಲ್ಯಾವೆರಾನ್ ಎಂಬ ಫ್ರೆಂಚ್ ಸೈನ್ಯದ ಡಾಕ್ಟರು 1880ರಲ್ಲೇ ಕಂಡಿದ್ದರು. ಅದು ಮನುಷ್ಯನಿಂದ ಮನುಷ್ಯನಿಗೆ ಹೇಗೆ ಹೋಗುತ್ತದೆ ಎಂಬುದೇ ಒಗಟು. 1894ರಲ್ಲಿ ರಜೆಗೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಆ ಜೀವಿಯನ್ನು ರಾಸ್ ಅವರಿಗೆ ತೋರಿಸಿದರು. ಸೊಳ್ಳೆಯ ಮೇಲೆ ತಮಗೆ ಅನುಮಾನ ಇದೆ ಅಂತಲೂ ಹೇಳಿದರು. ಅಲ್ಲಿಂದ ರಾಸ್ ಬೇರೆಯೇ ಮನುಷ್ಯರಾದರು.

1895ರಲ್ಲಿ 19ನೇ ಮದ್ರಾಸ್ ಪದಾತಿ ದಳದ ಡಾಕ್ಟರಾಗಿ ಬೇಗಂಪೇಟೆಗೆ ಬಂದು ಕೆಲಸ ಹಿಡಿದರು. ಅಷ್ಟರಲ್ಲಿ ಕಾಲರಾ ಅಂತ ಬೆಂಗಳೂರಿಗೆ ವರ್ಗ. ಅಲ್ಲಿ ಬೌರಿಂಗ್ ಆಸ್ಪತ್ರೆಯ ಸಹಾಯಕ ಸರ್ಜನ್ ಅಪ್ಪಯ್ಯ ಎಂಬವರು, ರೋಗಿಯ ರಕ್ತ ಕುಡಿದ ಸೊಳ್ಳೆಯಿಂದ ತಾವೇ ಮುಂದೆ ಬಂದು ಕಚ್ಚಿಸಿಕೊಂಡರು. ಜ್ವರ ಬರಲಿಲ್ಲ. ತಾನು ಹಿಡಿದದ್ದು ಬೇರೆ ಜಾತಿಯ ಸೊಳ್ಳೆ ಎಂಬುದು ರಾಸ್ ಅವರಿಗೆ ಆಗ ತಿಳಿಯದು.

1897ರ ಬೇಸಿಗೆಯಲ್ಲಿ ನೀಲಗಿರಿಗೆ ಹೋದರು. ಮಸಿನಗುಡಿಯಿಂದ ಊಟಿಗೆ ಏರುವ ಸೀಗೂರು ಘಾಟು ನಮ್ಮ ಓದುಗರಲ್ಲಿ ಬಹಳ ಜನಕ್ಕೆ ಗೊತ್ತು. ಆಗ ಅದು ಜ್ವರದ ಗೂಡು. ಪರದೆ ಕಟ್ಟಿಕೊಂಡು ಮಲಗಿದರೂ ರಾಸ್ ಅವರಿಗೇ ಚಳಿಜ್ವರ ಹತ್ತಿತು. ಆದರೆ ಅಲ್ಲೇ ಒಂದು ಹೊಸ ಸೊಳ್ಳೆ ಕಣ್ಣಿಗೆ ಬಿತ್ತು. ರೆಕ್ಕೆಯ ಮೇಲೆ ಚುಕ್ಕೆ, ಗೋಡೆಗೆ ಕೂತರೆ ಬಾಲ ಎತ್ತಿ ಕೂರುವ ಜಾತಿ. ನಾವು ಈಗ ಅನಾಫಿಲಿಸ್ ಅನ್ನುತ್ತೇವಲ್ಲ, ಅದು.

ಬೇಗಂಪೇಟೆಗೆ ಮರಳಿದ ಮೇಲೆ ಕೊಯ್ದು ನೋಡಿದ ಸೊಳ್ಳೆಗೆ ಲೆಕ್ಕವಿಲ್ಲ. ಸೆಖೆ ಕುದಿಯುತ್ತಿದ್ದರೂ ಪಂಕಾ ಎಳೆಸುವ ಹಾಗಿಲ್ಲ, ಗಾಳಿಗೆ ಸೊಳ್ಳೆ ಹಾರಿಹೋದೀತು. ಹಣೆಯ ಬೆವರು ಇಳಿದಿಳಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಆಗಸ್ಟ್ ನಡುವೆ ಆಳುಗಳು ತಂದ ಹುಳದಿಂದ ಆ ಚುಕ್ಕೆ ರೆಕ್ಕೆಯ ಸೊಳ್ಳೆಗಳು ಹೊರಬಂದವು. ಹುಸೇನ್ ಖಾನ್ ಎಂಬ ಜ್ವರದ ರೋಗಿ ಪರದೆಯೊಳಗೆ ಮಲಗಿ ಮೈ ಒಡ್ಡಿದರು. ಕಚ್ಚಿದ ಪ್ರತಿ ಸೊಳ್ಳೆಗೆ ಒಂದು ಆಣೆ ಕೂಲಿ. ಆಗಸ್ಟ್ 20ರ ಮಧ್ಯಾಹ್ನ, ಇನ್ನೇನು ಬೆರಳೆಣಿಕೆ ಸೊಳ್ಳೆ ಉಳಿದಿರುವಾಗ, ಒಂದರ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಒಳಗೆ ಅದೇ ಕಪ್ಪು ಕಣಗಳು. ಮರುದಿನ ಇನ್ನೊಂದನ್ನು ಕೊಯ್ದರು, ಕೋಶಗಳು ದೊಡ್ಡದಾಗಿದ್ದವು. ಅಂದರೆ ಬೆಳೆಯುತ್ತಿವೆ! ಒಗಟಿನ ಗಂಟು ಸಡಿಲವಾಯಿತು.

ಸರ್ಕಾರದವರು ಹೊಗಳುವ ಬದಲು ತಿಂಗಳೊಪ್ಪತ್ತಿನಲ್ಲೇ ರಜಪುತಾನಾದ ಖೇರ್ವಾಡಾಕ್ಕೆ ವರ್ಗ ಮಾಡಿದರು. ಅಲ್ಲಿ ಮಲೇರಿಯಾನೇ ಇರಲಿಲ್ಲ. 1898ರಲ್ಲಿ ಕಲ್ಕತ್ತಾ ಸೇರಿ, ಹಕ್ಕಿಗಳ ಮಲೇರಿಯಾ ಹಿಡಿದು, ರೋಗ ಸೊಳ್ಳೆಯ ಜೊಲ್ಲಿನ ಗ್ರಂಥಿಯಿಂದ ದಾಟುತ್ತದೆ ಎಂದು ತೋರಿಸಿದರು. ಅದೇ ವರ್ಷ ಇಟಲಿಯ ಗ್ರಾಸಿ ಮನುಷ್ಯರ ವಿಷಯದಲ್ಲೂ ಸಾಧಿಸಿದರು. 1902ರ ನೊಬೆಲ್ ರಾಸ್ ಅವರಿಗೆ ಬಂತು. ಗ್ರಾಸಿಯವರ ಜೊತೆ ಮಾತ್ರ ಜಗಳ ಮುಗಿಯಲೇ ಇಲ್ಲ. ದೊಡ್ಡ ಬುದ್ಧಿ, ಮೂಗಿನ ಮೇಲೆ ಸಿಟ್ಟು. ಹೆಸರಿನಲ್ಲಿ ಪಾಲು ಕೊಡುವ ಮನಸ್ಸಿಲ್ಲ. ಕೊನೆಯವರೆಗೆ ಅದೇ ಕೊರಗು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ರಾಸ್ ಕಲಿತ ನೆಟ್ಲಿಯ ಆ ಭಾರಿ ಆಸ್ಪತ್ರೆಯನ್ನು 1966ರಲ್ಲಿ ಕೆಡವಿದರು. ಅದರ ಪ್ರಾರ್ಥನಾ ಮಂದಿರವನ್ನಾದರೂ ಉಳಿಸಿಕೊಂಡಿದ್ದಾರೆ. ಕಲ್ಕತ್ತಾದಲ್ಲಿ ರಾಸ್ ಸ್ಮಾರಕದ ಗೇಟಿದೆ. 1927ರಲ್ಲಿ ಅವರೇ ಬಂದು ಉದ್ಘಾಟಿಸಿದ್ದರು. ನಮ್ಮ ಬೇಗಂಪೇಟೆಯದು ಬೇರೆ ಕಥೆ. ಪಲ್ಟಣ ಹೋಯಿತು, ರೋಗಿಗಳು ಹೋದರು, ಕಟ್ಟಡ ಪಾಳು ಬಿತ್ತು. 1997ರಲ್ಲಿ, ನೂರು ವರ್ಷ ತುಂಬಿದಾಗ, ದುರಸ್ತಿ ಮಾಡಿ ಸುಣ್ಣಬಣ್ಣ ಬಳಿದರು, ದೇಶವಿದೇಶದ ವಿಜ್ಞಾನಿಗಳು ಬಂದು ಹೋದರು. ಆಮೇಲೆ ಮತ್ತೆ ಗಿಲಾವು ಉದುರತೊಡಗಿತು. ಹಬ್ಬಕ್ಕೆ ಸಾರಿಸಿದ ಮನೆಯನ್ನು ಹಬ್ಬ ಮುಗಿದ ಮೇಲೆ ಮರೆತ ಹಾಗೆ.

ನನಗೆ ಸಂಕಟವಾದದ್ದು ಸಾಹೇಬರ ಸಲುವಾಗಿ ಅಲ್ಲ. ಅವರಿಗೆ ನೊಬೆಲ್ ಇದೆ, ಪುಸ್ತಕಗಳಲ್ಲಿ ಹೆಸರಿದೆ. ಆಣೆಗೊಂದು ಕಡಿತ ಅಂತ ರಕ್ತ ಕೊಟ್ಟ ಹುಸೇನ್ ಖಾನ್, ಹುಳ ಹುಡುಕಿ ತಂದ ಆಳುಗಳು, ಇವರೆಲ್ಲರ ಗುರುತು ಅಂತ ಇರುವುದು ಆ ಗೋಡೆಗಳೇ. ಅವು ಬಿದ್ದರೆ ಇವರೂ ಹೋದ ಹಾಗೆ.

ಹೊರಡುವಾಗ ಹುಲ್ಲಿನಲ್ಲಿ ಒಂದು ಒಡಕು ಬೋಗುಣಿ ಕಂಡಿತು. ಮಳೆನೀರು ನಿಂತಿತ್ತು, ಒಳಗೆ ಹುಳ ಮಿಲಮಿಲ ಅನ್ನುತ್ತಿದ್ದವು. ಕಾಲಿನಿಂದ ಬೋರಲು ಹಾಕಿ ಬಂದೆ. ನಮ್ಮ ಕೃಷ್ಣಾ ತೀರದ ಕನ್ನಡ ಶಾಲೆಗಳ ಮಾಸ್ತರುಗಳಲ್ಲಿ ನನ್ನದೊಂದು ವಿನಂತಿ. ಹೈದರಾಬಾದಿಗೆ ಪ್ರವಾಸ ಒಯ್ದಾಗ ಚಾರಮಿನಾರ್ ತೋರಿಸಿ, ಗೋಲ್ಕೊಂಡಾ ತೋರಿಸಿ; ಹಾಗೇ ಬೇಗಂಪೇಟೆಯ ಈ ದವಾಖಾನೆಯ ಮುಂದೆಯೂ ಮಕ್ಕಳನ್ನು ಒಂದು ಗಳಿಗೆ ನಿಲ್ಲಿಸಿ, ಹುಸೇನ್ ಖಾನ್ ಅವರ ಹೆಸರು ಹೇಳಿ.